ಕೈಗೆ ಜಿಪಿಎಸ್ ಕಟ್ಟಿಕೊಂಡು ಕಾಲುವೆಗೆ ಇಳಿಯೋ ಮುಂಚೆ...

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ರಿಲೀಸು, ಸಪೋರ್ಟು, ಮತ್ತೆ ರಿಲೀಸು ಅಂತ ಆಫೀಸಿನಲ್ಲೇ ಮುಳುಗಿಹೋಗಿದ್ದೆ. ಇವತ್ತು ಬರೆಯೋಕೆ ಕೂತಿದ್ದು ಸ್ವಲ್ಪ ಜಗಳದ ಮೂಡಿನಲ್ಲಿ. ಪೋಸ್ಟು ಉದ್ದ ಆದ್ರೆ, ಖಾರ ಆದ್ರೆ ಬೇಜಾರು ಮಾಡ್ಕೋಬೇಡಿ.

ವಿಷಯ ಇಷ್ಟೇ. ನನ್ನ ಸುತ್ತಮುತ್ತಲಿನ ಸಾಫ್ಟ್‌ವೇರ್ ಜನಕ್ಕೆ ಈಗ ಈಜಿನ ಹುಚ್ಚು. ಬಹಳ ಒಳ್ಳೇದು. ಆದ್ರೆ ಇನ್ನೂ ನೀರಿಗೆ ಕಾಲೇ ಇಟ್ಟಿರಲ್ಲ, ಆಗಲೇ ಪ್ರಶ್ನೆ ಶುರು: "ಸ್ವಿಮ್ಮಿಂಗಿಗೆ ಯಾವ ಜಿಪಿಎಸ್ ವಾಚ್ ತಗೊಳ್ಲಿ?" ಉತ್ತರ ಕೊಡೋ ಪಂಡಿತರಿಗೂ ಬರ ಇಲ್ಲ. "ಮೂವತ್ತು ಸಾವಿರದ ಒಳಗೆ ನೋಡ್ಲೇಬೇಡ", "ಡ್ಯುಯಲ್ ಬ್ಯಾಂಡ್ ಇಲ್ಲದಿದ್ರೆ ವೇಸ್ಟು"... ಇದೇ ಉಪದೇಶ ಫೋನಿನಿಂದ ಫೋನಿಗೆ ಹಾರಿ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹುಡುಗರ ತನಕ ಹೋಗಿ ಮುಟ್ಟುತ್ತೆ. ನನ್ನ ಸಿಟ್ಟು ಅಲ್ಲಿಂದ ಶುರು.

ನನ್ನ ವಾದ ಮೊದಲೇ ಹೇಳಿಬಿಡ್ತೀನಿ. ಈಜಿನ ತರಬೇತಿಗೆ ಜಿಪಿಎಸ್ ಬೇಕಾಗಿಲ್ಲ. ಬೆಂಗಳೂರಿನಲ್ಲಿ ಕೊಂಡರೆ ದುಡ್ಡು ದಂಡ, ಅಷ್ಟೇ. ನಮ್ಮೂರಲ್ಲಿ ಕೊಂಡರೆ ಅದು ಹುಡುಗರನ್ನ ಕಾಲುವೆಗೆ ಕರೆಯೋ ಆಹ್ವಾನಪತ್ರಿಕೆ.

ಮೊದಲು ಯಂತ್ರದ ಕಥೆ ನೋಡೋಣ. ಜಿಪಿಎಸ್ ಉಪಗ್ರಹಗಳು ಇರೋದು ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಬರೋ ಸಿಗ್ನಲ್ಲು ನಮ್ಮ ಹತ್ರ ಬರೋ ಹೊತ್ತಿಗೆ ತೀರಾ ಕ್ಷೀಣ. ಅದರ ಮೇಲೆ ಒಂದಿಷ್ಟು ನೀರು ಬಂದ್ರೆ ಮುಗೀತು, ಸಿಗ್ನಲ್ಲು ಮಾಯ. ಹಾಗಾದ್ರೆ ಕೊಳದಲ್ಲಿ ವಾಚು ದೂರ ಹೇಗೆ ಹೇಳುತ್ತೆ? ಜಿಪಿಎಸ್ಸನ್ನೇ ಆಫ್ ಮಾಡಿಕೊಂಡು! ಹೌದು ಸ್ವಾಮಿ, ಪೂಲ್ ಮೋಡಿಗೆ ಹಾಕಿದ ತಕ್ಷಣ ಉಪಗ್ರಹದ ಸಹವಾಸ ಬಿಟ್ಟು, ಒಳಗಿರೋ ಅಕ್ಸೆಲೆರೋಮೀಟರು ನಿಮ್ಮ ಕೈ ಬೀಸೋದನ್ನ ನೋಡುತ್ತೆ. ಗೋಡೆ ಮುಟ್ಟಿ ತಿರುಗಿ ತಳ್ಳಿದಾಗ ಆಗೋ ಬದಲಾವಣೆ ಹಿಡಿದು ಒಂದು ಲ್ಯಾಪ್ ಅಂತ ಎಣಿಸುತ್ತೆ. ಆ ಎಣಿಕೆಯನ್ನ ನೀವೇ ಕೊಟ್ಟ ಕೊಳದ ಉದ್ದದಿಂದ ಗುಣಿಸುತ್ತೆ. ಇಷ್ಟೇ. ನಾಲ್ಕನೇ ಕ್ಲಾಸಿನ ಗುಣಾಕಾರ :)

ಈ ಗುಣಾಕಾರದಲ್ಲಿ ಒಂದು ತಮಾಷೆ ಇದೆ. ಕೊಳ 22 ಮೀಟರ್ ಇದೆ, ನೀವು ವಾಚಿಗೆ 25 ಅಂತ ಹೇಳಿದ್ದೀರಿ ಅಂದ್ಕೊಳ್ಳಿ. ಇಪ್ಪತ್ತು ನಿಮಿಷದಲ್ಲಿ 40 ಲ್ಯಾಪ್ ಹೊಡೆದ್ರಿ. ವಾಚು ಹೇಳುತ್ತೆ: 1000 ಮೀಟರ್, ನೂರು ಮೀಟರಿಗೆ 2 ನಿಮಿಷ. ನಿಜ ಏನು? 880 ಮೀಟರ್, ನೂರು ಮೀಟರಿಗೆ ಸುಮಾರು 2 ನಿಮಿಷ 16 ಸೆಕೆಂಡು. ನಲವತ್ತು ಸಾವಿರದ ವಾಚು ಸರಿ ಮಾಡದ ಈ ತಪ್ಪನ್ನ ಹಾರ್ಡ್‌ವೇರ್ ಅಂಗಡಿಯ ಅಳತೆ ಟೇಪು ಸರಿ ಮಾಡುತ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗೋಡಂಬಿ ಆಕಾರದ ಪೂಲ್ ಕಟ್ಟಿರ್ತಾರಲ್ಲ, ಅಲ್ಲಂತೂ ಯಾವ ಗೋಡೆಯಿಂದ ಯಾವ ಗೋಡೆಗೆ ಅಳೀಬೇಕು ಅನ್ನೋದೇ ಗೊತ್ತಾಗಲ್ಲ. ಎಷ್ಟೋ ವಾಚುಗಳು 15 ಮೀಟರಿಗಿಂತ ಚಿಕ್ಕ ಕೊಳವನ್ನ ಲೆಕ್ಕಕ್ಕೇ ತಗೊಳ್ಳಲ್ಲ. ನಾವು ಕಲಿತಿದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಕೊಂಡು. "ಬಾವಿ ಮೋಡ್" ಇರೋ ವಾಚು ಯಾರಾದ್ರೂ ಮಾಡಿದ್ರೆ ಮೊದಲ ಗಿರಾಕಿ ನಾನೇ.

ಇನ್ನು ಎದೆಬಡಿತ. ಮಣಿಕಟ್ಟಿನ ಹಸಿರು ಬೆಳಕು ಚರ್ಮದಡಿಯ ರಕ್ತದ ಓಟ ನೋಡಿ ಲೆಕ್ಕ ಹಾಕುತ್ತೆ. ನೀರಲ್ಲಿ ವಾಚು ಅಲ್ಲಾಡುತ್ತೆ, ಚರ್ಮಕ್ಕೂ ಸೆನ್ಸರಿಗೂ ನಡುವೆ ನೀರು ನುಗ್ಗುತ್ತೆ, ತಣ್ಣೀರಿಗೆ ಚರ್ಮದ ರಕ್ತನಾಳ ಮುದುಡುತ್ತೆ. ಬರೋ ನಂಬರನ್ನ ಭಕ್ತಿಯಿಂದ ನೋಡ್ಬೇಡಿ. ಎದೆಗೆ ಕಟ್ಟೋ ಪಟ್ಟಿ ಇದಕ್ಕಿಂತ ವಾಸಿ. ಆದ್ರೆ ಅದರ ಬ್ಲೂಟೂತ್ ಕೂಡ ನೀರಲ್ಲಿ ದಾಟಲ್ಲ, ಹಾಗಾಗಿ ಲೆಕ್ಕವನ್ನ ಪಟ್ಟಿಯಲ್ಲೇ ಉಳಿಸಿಕೊಂಡು ಆಮೇಲೆ ವಾಚಿಗೆ ಕೊಡೋ ಮಾದರಿಯೇ ಬೇಕು.

ಈಗ ರೇಟಿನ ವಿಷಯ. ನಮ್ಮ ಹುಡುಗರ ಕೈಗೆಟಕೋದು ಎರಡು, ಮೂರು ಸಾವಿರದ ವಾಚು. ಡಬ್ಬಿ ಮೇಲೆ ದೊಡ್ಡದಾಗಿ "ಜಿಪಿಎಸ್", "ವಾಟರ್‌ಪ್ರೂಫ್", ಪಕ್ಕದಲ್ಲಿ ನೀರಿಗೆ ಹಾರೋ ಹೀರೋ ಫೋಟೋ. ಕೆಳಗೆ ಸಣ್ಣಕ್ಷರದಲ್ಲಿ ಓದಿ. "ಕನೆಕ್ಟೆಡ್ ಜಿಪಿಎಸ್" ಅಂತಿದ್ರೆ ವಾಚಿನಲ್ಲಿ ಜಿಪಿಎಸ್ಸೇ ಇಲ್ಲ, ನಿಮ್ಮ ಫೋನಿನ ಜಿಪಿಎಸ್ ಕಡ ತಗೊಳ್ಳುತ್ತೆ ಅಂತ ಅರ್ಥ. ಫೋನು ದಡದಲ್ಲಿ, ಚಡ್ಡಿ ಜೊತೆ ಬಿದ್ದಿರುತ್ತೆ. ಕೈ ನೀರೊಳಗೆ. ಇಬ್ಬರಿಗೂ ಮಾತುಕತೆ ಬಂದ್! ಇನ್ನು "ಐಪಿ68" ಅಂದ್ರೆ ತಯಾರಕರು ಹೇಳಿದ ಆಳದಲ್ಲಿ, ಅವರು ಹೇಳಿದಷ್ಟು ಹೊತ್ತು ನಿಂತ ನೀರಲ್ಲಿ ಇಟ್ಟರೆ ತಡೆಯುತ್ತೆ ಅಂತ. ಅಷ್ಟರಿಂದಲೇ ಅದು ಈಜೋ ವಾಚು ಆಗಲ್ಲ. ಈಜಿಗೆ ನೋಡಬೇಕಾದ್ದು "5 ಎಟಿಎಂ" ಅಥವಾ "50 ಮೀಟರ್" ಅನ್ನೋ ಗುರುತು. (ದುಡ್ಡು ಕೊಡೋ ಎಟಿಎಂ ಅಲ್ಲ, ದುಡ್ಡು ತಿನ್ನೋ ಎಟಿಎಂ.) ಹಾಗಂತ 50 ಮೀಟರ್ ಆಳಕ್ಕೆ ಹೋಗಬಹುದು ಅಂತಲ್ಲ. ಅಷ್ಟು ನೀರಿನ ಸ್ಥಿರ ಒತ್ತಡಕ್ಕೆ ಪರೀಕ್ಷೆ ಮಾಡಿದ್ದು ಅಂತ ಅಷ್ಟೇ. ರಬ್ಬರ್ ಸೀಲು ವರ್ಷ ಕಳೆದ ಹಾಗೆ ಸವೆಯುತ್ತೆ, ಸೋಪು ಶಾಂಪೂ ಅದಕ್ಕೆ ಶತ್ರು.

ಇಷ್ಟು ಹೊತ್ತು ಹೇಳಿದ್ದು ದುಡ್ಡಿನ ಮಾತು. ಈಗ ಜೀವದ ಮಾತು.

ನಮ್ಮ ಕಾಕನ ಮಗ ಪಿಯುಸಿ ಓದ್ತಾ ಇದ್ದಾನೆ, ಮುಂದೆ ಪೊಲೀಸ್ ಭರ್ತಿಗೆ ಹೋಗ್ಬೇಕು ಅಂತ ದಿನಾ ಬೆಳಿಗ್ಗೆ ಓಡ್ತಾನೆ. ಫೋನ್ ಮಾಡಿ ಕೇಳಿದ: "ಅಣ್ಣಾ, ಈ ವಾಚಿನಾಗ ಓಪನ್ ವಾಟರ್ ಅಂತ ಒಂದ್ ಮೋಡ್ ಐತಿ. ನಮ್ ಕಾಲುವಿನೂ ಓಪನ್ ವಾಟರೇ ಅಲ್ಲೇನು? ಪೂಲ್ ಯಾಕ ಬೇಕು?"

ಎಂಥಾ ತರ್ಕಬದ್ಧ ಪ್ರಶ್ನೆ ನೋಡಿ! ವಾಚಿನ ಮೆನು ಓದಿದ ಯಾರಿಗಾದ್ರೂ ಹಾಗೇ ಅನ್ನಿಸ್ಬೇಕು. ಅದಕ್ಕೇ ಅವನಿಗೆ ಹೇಳಿದ ಲೆಕ್ಕವನ್ನ ಇಲ್ಲೂ ಬರೀತೀನಿ.

ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ 227 ಕಿಲೋಮೀಟರ್ ಹರಿಯುತ್ತೆ. ಸಿಂಧನೂರಿನ ಭತ್ತ, ಅಕ್ಕಿ ಗಿರಣಿ, ಬದುಕು ಎಲ್ಲಾ ಅದರ ಋಣ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಊರಿಗೆ ಊರೇ ನಿದ್ದೆ ಬಿಟ್ಟಿತ್ತು. ಆದ್ರೆ ಹೊಲಕ್ಕೆ ಅನ್ನ ಕೊಡೋ ನೀರು ಈಜೋಕೆ ಮಾಡಿದ ನೀರಲ್ಲ. ಹರಿವು ಸೆಕೆಂಡಿಗೆ ಒಂದು ಮೀಟರ್ ಅಂತ ಇಟ್ಕೊಳ್ಳಿ. ನೂರು ಮೀಟರನ್ನ 2 ನಿಮಿಷದಲ್ಲಿ ಈಜೋ ಹುಡುಗನ ವೇಗ ಸೆಕೆಂಡಿಗೆ 0.83 ಮೀಟರ್. ಹರಿವಿನ ಜೊತೆ ಹೊರಟರೆ ಎರಡೂ ಸೇರಿ 1.83. ಜಿಪಿಎಸ್ ಅಳೆಯೋದು ನೆಲದ ಮೇಲಿನ ವೇಗ, ನೀರು ಎಷ್ಟು ತಳ್ತು, ನೀವೆಷ್ಟು ಈಜಿದ್ರಿ ಅನ್ನೋ ಭೇದ ಅದಕ್ಕೆ ಗೊತ್ತಿಲ್ಲ. ವಾಚು ತೋರಿಸೋದು ನೂರು ಮೀಟರಿಗೆ ಸುಮಾರು 55 ಸೆಕೆಂಡು! 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಚೀನಾದ ಪಾನ್ ಝಾನ್ಲೆ 46.40 ಸೆಕೆಂಡಿನಲ್ಲಿ ವಿಶ್ವದಾಖಲೆ ಮಾಡಿದ್ದು ನೆನಪಿದ್ರೆ, ನಮ್ಮ ಹುಡುಗನಿಗೆ ರೆಕ್ಕೆ ಬಂದಂಗೇ ಸರಿ. ಸ್ಕ್ರೀನ್‌ಶಾಟ್ ಸ್ಟೇಟಸ್ಸಿಗೆ ಬೀಳುತ್ತೆ. ಅದನ್ನ ನೋಡಿ ಮರುದಿನ ಇನ್ನು ನಾಲ್ಕು ಜನ ಇಳೀತಾರೆ.

ಈಗ ಅವನು ವಾಪಸ್ ತಿರುಗಬೇಕು. 0.83ರಿಂದ 1 ಕಳೀರಿ. ಮೈಯೆಲ್ಲಾ ಶಕ್ತಿ ಹಾಕಿ ಮುಂದಕ್ಕೆ ಈಜ್ತಾ ಇದ್ರೂ ಅವನು ಹಿಂದಕ್ಕೇ ಹೋಗ್ತಿರ್ತಾನೆ. ದಡ ಹತ್ತೋಣ ಅಂದ್ರೆ ಲೈನಿಂಗಿನ ಇಳಿಜಾರು, ಮೇಲೆ ಪಾಚಿ, ಹಿಡಿಯೋಕೆ ಒಂದು ಬೇರೂ ಇಲ್ಲ. ಮುಂದೆ ತೂಬು, ಗೇಟು. ಲಿಂಗಸುಗೂರು ಕಡೆಯ ನಾರಾಯಣಪುರ ಬಲದಂಡೆ ಕಾಲುವೆಗೂ ಇದೇ ಲೆಕ್ಕ. ಬೆಂಗಳೂರಿನಲ್ಲಿ ಕೂತು "ಓಪನ್ ವಾಟರಿಗೆ ಜಿಪಿಎಸ್ ಮಸ್ಟ್" ಅನ್ನೋ ಪಂಡಿತರ ತಲೆಯಲ್ಲಿ ಇರೋದು ಯಾವುದೋ ಸರೋವರ, ರಕ್ಷಣೆಗೆ ದೋಣಿ, ಹೊಳೆಯೋ ಟೋಪಿ. ಕೇಳ್ತಿರೋ ಹುಡುಗನ ಮುಂದೆ ಇರೋದು ಕಾಲುವೆ. ಯಾವ ನೀರಿಗೆ ಇಳೀತೀಯಪ್ಪಾ ಅಂತ ಕೇಳದೇ ವಾಚಿನ ಹೆಸರು ಹೇಳೋದು ಬೇಜವಾಬ್ದಾರಿ. ಸೌಮ್ಯವಾದ ಪದ ನನಗೆ ಸಿಗ್ತಿಲ್ಲ.

"ವಾಚಿನಲ್ಲಿ ಎಸ್‌ಓಎಸ್ ಇದೆಯಲ್ಲ" ಅಂತೀರಾ? ಹೆಚ್ಚಿನ ವಾಚುಗಳ ಎಸ್‌ಓಎಸ್ ಹೋಗೋದು ಪಕ್ಕದ ಫೋನಿನ ಮೂಲಕ. ಸಿಮ್ ಇರೋ ವಾಚಾದ್ರೂ ಕೈ ನೀರೊಳಗಿದ್ದಾಗ ಟವರ್ ಸಿಗಲ್ಲ. ಮುಳುಗ್ತಿರೋನು ಕೈಯೆತ್ತಿ ಬಟನ್ ಹುಡುಕ್ತಾ ಕೂರಲ್ಲ. ಆಗ ಬೇಕಾಗೋದು ದಡದಲ್ಲಿ ಹಗ್ಗ ಹಿಡಿದ ಒಬ್ಬ ಮನುಷ್ಯ.

"ನಂಬರ್ ಇದ್ರೆ ಹುರುಪು ಬರುತ್ತೆ ಮಾರಾಯ" ಅನ್ನೋ ವಾದ ಮಾತ್ರ ನಾನು ಒಪ್ತೀನಿ. ದಿನಾ ಲಾಗ್ ನೋಡಿ ಹೊಟ್ಟೆ ಹೊರೆಯೋ ನಾನು ನಂಬರ್ ಬೇಡ ಅನ್ನೋಕಾಗುತ್ತಾ? ಆದ್ರೆ ಈಜಿಗೆ ಬೇಕಾದ ನಂಬರುಗಳು ಅಗ್ಗ. ವಾಚುಗಳು ಭಾರಿ ಗತ್ತಿನಿಂದ ತೋರಿಸೋ "ಸ್ವಾಲ್ಫ್" ಅಂದ್ರೆ ಒಂದು ಲ್ಯಾಪಿನ ಸೆಕೆಂಡು ಮತ್ತು ಕೈ ಬೀಸಿದ ಎಣಿಕೆ ಎರಡರ ಮೊತ್ತ. 30 ಸೆಕೆಂಡು, 22 ಬೀಸು, ಒಟ್ಟು 52. ಮುಂದಿನ ತಿಂಗಳು 48 ಆದ್ರೆ ಸುಧಾರಿಸಿದ್ದೀರಿ. ಗೋಡೆ ಗಡಿಯಾರ ಇದ್ರೆ ಮನಸ್ಸಲ್ಲೇ ಲೆಕ್ಕ ಹಾಕಬಹುದು. ಕಿಕ್‌ಬೋರ್ಡ್ ಹಿಡಿದು ಕಾಲು ಬಡಿಯೋವಾಗ ಕೈ ಅಲ್ಲಾಡಲ್ಲ, ಆಗ ಎಷ್ಟೋ ವಾಚುಗಳು ನೀವು ಈಜ್ತಾನೇ ಇಲ್ಲ ಅಂದ್ಕೊಳ್ತವೆ. ನಮ್ಮ ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋದಾಗ ಈಜು ಅಳೆಯೋ ಜಿಪಿಎಸ್ ವಾಚು ಪೇಟೆಯಲ್ಲೇ ಇರಲಿಲ್ಲ. ಮಿಹಿರ್ ಸೇನ್ ಇಂಗ್ಲಿಷ್ ಕಾಲುವೆ ದಾಟಿದ್ದು 1958ರಲ್ಲಿ, ಮೊದಲ ಕೃತಕ ಉಪಗ್ರಹ ಹಾರಿ ಒಂದು ವರ್ಷವೂ ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬುತ್ತಿತ್ತು. ಶ್ರೀಹರಿ ನಟರಾಜ್, ಹದಿನಾಲ್ಕಕ್ಕೇ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಧಿನಿಧಿ ದೇಸಿಂಗು ಇವರೆಲ್ಲ ಬೆಂಗಳೂರಿನಿಂದಲೇ ಬಂದಿದ್ದು ಕಾಕತಾಳೀಯ ಅಲ್ಲ. ಅಲ್ಲಿ ಅಳತೆಯ ಕೊಳ ಇದೆ, ಕೋಚ್ ಇದ್ದಾರೆ. ಸಿಂಧನೂರಿನ ಮಕ್ಕಳ ತೋಳಲ್ಲಿ ಕಸುವು ಕಮ್ಮಿ ಅಂತ ಯಾರೂ ಹೇಳೋಕಾಗಲ್ಲ.

ಹಾಗಾದ್ರೆ ಏನು ಕೊಳ್ಳಬೇಕು? ಬೈದು ಓಡಿಹೋದ ಅಂತ ಆಗಬಾರದು, ಅದನ್ನೂ ಹೇಳ್ತೀನಿ.

ಕೊಳದಲ್ಲಿ ಮಾತ್ರ ಈಜೋರು: 5 ಎಟಿಎಂ ಗುರುತು, ಉದ್ದ ನಾವೇ ಹಾಕೋಕೆ ಬರೋ ಪೂಲ್ ಮೋಡ್, ಒದ್ದೆ ಕೈಗೂ ಒತ್ತೋಕೆ ಬರೋ ನಿಜವಾದ ಬಟನ್ನು. ಒದ್ದೆ ಟಚ್‌ಸ್ಕ್ರೀನ್ ಕೈಕೊಡುತ್ತೆ. ಜಿಪಿಎಸ್ಸಿಗೆ ಅಂತ ಒಂದು ರೂಪಾಯಿ ಹೆಚ್ಚು ಕೊಡ್ಬೇಡಿ.

ಓಡೋರು, ಸೈಕಲ್ ಹೊಡೆಯೋರು: ವಾಚಿನೊಳಗೇ ಜಿಪಿಎಸ್ ಇರೋದು ತಗೊಳ್ಳಿ, ಉಪಯೋಗ ಇದೆ. ನಮ್ಮ ಕಡೆ ಬಯಲು ಜಾಸ್ತಿ, ಎತ್ತರದ ಕಟ್ಟಡ ಕಮ್ಮಿ, ಸಾದಾ ಜಿಪಿಎಸ್ಸೇ ಸಾಕು. ಡ್ಯುಯಲ್ ಬ್ಯಾಂಡಿನ ಲಾಭ ಕಾಣೋದು ಗಗನಚುಂಬಿಗಳ ಸಂದಿಯಲ್ಲಿ. ಕಾಕನ ಮಗನಿಗೂ ಇದನ್ನೇ ಹೇಳಿದೆ, ಓಟಕ್ಕೆ ಮಾತ್ರ ಕಟ್ಕೋ ಅಂತ.

ನಿಜವಾಗಿ ಕೆರೆ, ಸಮುದ್ರದಲ್ಲಿ ಈಜೋರು: ಕೈ ನೀರಿಂದ ಮೇಲೆ ಬಂದಾಗಷ್ಟೇ ಸಿಗ್ನಲ್ ಸಿಗೋದು, ಹಾಗಾಗಿ ಫ್ರೀಸ್ಟೈಲಿನಲ್ಲಿ ದಾರಿ ಪರವಾಗಿಲ್ಲ ಅನ್ನೋ ಹಾಗೆ ಬರುತ್ತೆ, ಕಪ್ಪೆ ಈಜಿನಲ್ಲಿ ಹಾವು ಹರಿದಂಗೆ ಬರುತ್ತೆ. ವಾಚನ್ನ ಟೋಪಿಯೊಳಗೆ ಸಿಕ್ಕಿಸಿಕೊಳ್ಳೋ ಜಾಣರೂ ಇದ್ದಾರೆ. ಆದ್ರೆ ಒಬ್ಬರೇ ಇಳೀಬೇಡಿ.

ಇನ್ನೂ ಈಜು ಬರದೇ ಇರೋರು: ವಾಚಿನ ದುಡ್ಡು ಹಾಗೇ ಎತ್ತಿಟ್ಟು ಕಲಿಸೋರಿಗೆ ಕೊಡಿ.

ಕೊನೇದಾಗಿ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ಶಾಲೆ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರ ಕಲಿಸಿ ಅನ್ನೋದು ಅದೇ ಸಂಸ್ಥೆಯ ಸಲಹೆ. ಕಾಲುವೆ ದಂಡೆಯಲ್ಲೇ ಹುಟ್ಟಿ ಬೆಳೆಯೋ ಮಕ್ಕಳಿಗೆ ಇದಕ್ಕಿಂತ ಮುಖ್ಯವಾದ ಪಾಠ ಯಾವುದಿದೆ ಹೇಳಿ? ಪ್ರತಿ ಚುನಾವಣೆಯಲ್ಲಿ ನಮ್ಮ ಕಡೆ ನೀರಿನ ಮಾತು ಬರುತ್ತೆ, ಟೇಲ್ ಎಂಡಿನ ರೈತರಿಗೆ ನೀರು ಅಂತ. ಬರಲೇಬೇಕು. ಅದರ ಜೊತೆಗೆ ತಾಲ್ಲೂಕಿಗೊಂದು 25 ಮೀಟರಿನ ಕೊಳ, ಒಬ್ಬ ತರಬೇತುದಾರ, ಒಂದು ಗೋಡೆ ಗಡಿಯಾರ ಕೊಡಿ ಅಂತ ಕೇಳೋಕೆ ನಮಗೇನು ಸಂಕೋಚ? ಯಾವ ವಾಚ್ ಅಂತ ಗಂಟೆಗಟ್ಟಲೆ ವಾದ ಮಾಡೋ ನಾವು ಆ ವಾದದ ಕಾಲು ಭಾಗದಷ್ಟು ಹೊತ್ತು ಒಂದು ಅರ್ಜಿ ಬರೆಯೋಕೆ ಕೂತರೂ ಸಾಕು.

ನಿಮ್ಮೂರಿನ ಮಕ್ಕಳು ಈಜು ಎಲ್ಲಿ ಕಲೀತಾರೆ? ಬಾವಿಯೋ, ಕೆರೆಯೋ, ಹೊಳೆಯೋ, ಕೊಳವೋ? ಜೊತೆಗೆ ಯಾರಿರ್ತಾರೆ? ನೀವೂ ಬರೀರಿ. ಬೈಯೋದಿದ್ರೂ ಬೈಯಿರಿ, ಅಡ್ಡಿಯಿಲ್ಲ. ಯಾವ ವಾಚ್ ಒಳ್ಳೇದು ಅಂತ ಮಾತ್ರ ಕೇಳ್ಬೇಡಿ :)