ಓದೂ ಊರೂ

"ಮಗನನ್ನು ಕಾಲೇಜಿಗೆ ಕಳುಹಿಸಿದ್ದು ಓದುವುದಕ್ಕೋ, ಹಳ್ಳಿಯ ಚರಂಡಿ ತೋಡುವುದಕ್ಕೋ?" ಎಂದು ನೆರೆಮನೆಯ ಗೃಹಸ್ಥರು ಮೊನ್ನೆ ನಮ್ಮನ್ನು ಕೇಳಿದರು. ಈ ಪ್ರಶ್ನೆಯು ಹಲವು ಮನೆಗಳಲ್ಲಿ ಏಳುವಂತಹುದಾದುದರಿಂದ ಈ ತಿಂಗಳು ಅದನ್ನೇ ವಿಚಾರಿಸುವೆವು.

ಏರ್ಪಾಡು ಹೊಸದಲ್ಲ. ಗಾಂಧೀಜಿಯವರ ಜನ್ಮಶತಾಬ್ದಿಯ ವರುಷವಾದ 1969ರ ಸೆಪ್ಟೆಂಬರು 24ರಂದು ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾನಿಲಯಗಳಲ್ಲಿ ಮೊದಲಾಯಿತು. ಅದನ್ನು ಪ್ರಾರಂಭಿಸಿದವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದು ಕೇಂದ್ರದ ವಿದ್ಯಾಮಂತ್ರಿಗಳಾಗಿದ್ದ ವಿ. ಕೆ. ಆರ್. ವಿ. ರಾಯರು. ಎರಡು ವರುಷಗಳಲ್ಲಿ 240 ಗಂಟೆಗಳ ಸೇವೆ, ಏಳು ದಿನಗಳ ಶಿಬಿರ, ಇದು ಅದರ ನಿಯಮ. ಇಂತಹ ಸೇವೆಯು ಪದವಿಯ ಲೆಕ್ಕಕ್ಕೆ ಸೇರುವ ಪಾಠವೇ ಆಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿತು.

ಗುದ್ದಲಿ ಹಿಡಿಯುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಆ ಕೆಲಸವನ್ನು ಊರಿನವರು ನಮ್ಮ ಹುಡುಗರಿಗಿಂತ ಚೆನ್ನಾಗಿ ಬಲ್ಲರು. ಹುಡುಗರು ಒಯ್ಯತಕ್ಕದ್ದು ತಮ್ಮ ಓದನ್ನು. ಗುರುಕುಲದ ವಟುವು ಭಿಕ್ಷೆಗಾಗಿ ಮನೆಮನೆಯ ಬಾಗಿಲಿಗೆ ಹೋಗುತ್ತಿದ್ದನು. ಯಾರ ಅನ್ನದಿಂದ ತನ್ನ ಅಧ್ಯಯನವು ಸಾಗುತ್ತಿದೆಯೆಂಬುದು ಅವನಿಗೆ ಮರೆಯುವಂತಿರಲಿಲ್ಲ.

ಕೆಲವು ವರುಷಗಳ ಹಿಂದೆ ಅಧ್ಯಾಪಕ ಮಿತ್ರರೊಬ್ಬರ ಜೊತೆಯಲ್ಲಿ ನಾವು ಕೋಲಾರದ ಕಡೆಯ ಒಂದು ಹಳ್ಳಿಯ ಶಿಬಿರಕ್ಕೆ ಹೋಗಿದ್ದೆವು. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಕೊಳವೆಬಾವಿಯ ನೀರನ್ನು ಸೀಸೆಗಳಿಗೆ ತುಂಬುತ್ತಿದ್ದರು. ಆ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಹಲವೆಡೆ ಹೆಚ್ಚು. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುವುದು. ಪ್ರಮಾಣವು ಇನ್ನೂ ಹೆಚ್ಚಿದ್ದರೆ ಮೂಳೆಗಳೂ ಕೆಡುವುವು. ಕಾಯಿಸಿದರೂ ಅದು ಹೋಗದು. ನೀರು ಆವಿಯಾದಷ್ಟೂ ಅದು ಇನ್ನಷ್ಟು ಸಾಂದ್ರವಾಗುವುದೆಂಬುದನ್ನು ಗೃಹಿಣಿಯರು ಗಮನಿಸಬೇಕು.

ಬಿಂದಿಗೆ ಹಿಡಿದು ನಿಂತಿದ್ದ ಒಬ್ಬ ಮುದುಕಿ, "ಹೋದ ವರ್ಷಾನೂ ಹಿಂಗೇ ಸೀಸೇಲಿ ತಕ್ಕೊಂಡು ಹೋದ್ರಲ್ಲಪ್ಪ, ಏನಂತೆ ಅದು?" ಎಂದಳು. ಯಾರೂ ಉತ್ತರ ಕೊಡಲಿಲ್ಲ. ನಮ್ಮ ಮಿತ್ರರು ಕಾಲೇಜಿಗೆ ದೂರವಾಣಿಯಲ್ಲಿ ಮಾತನಾಡಿ ಹಳೆಯ ವರದಿಯನ್ನು ತೆಗೆಸಿದರು. ಅಂದವಾಗಿ ರಟ್ಟು ಕಟ್ಟಿದ ವರದಿಯು ಬೀರುವಿನಲ್ಲಿತ್ತು. ಅದಕ್ಕೆ ಅಂಕಗಳೂ ಸಂದಿದ್ದವು. ಫ್ಲೋರೈಡಿನ ಪ್ರಮಾಣವು ಮಿತಿಯನ್ನು ಮೀರಿತ್ತು. ವರುಷವಿಡೀ ಊರಿನ ತಾಯಂದಿರು ಅದೇ ನೀರನ್ನು ಕಾಯಿಸಿ ಆರಿಸಿ ಮಕ್ಕಳಿಗೆ ಕುಡಿಸಿದ್ದರು.

ಮಿತ್ರರನ್ನು ನಾವು ಕಟುವಾಗಿಯೇ ಆಕ್ಷೇಪಿಸಿದೆವು. ಅವರು ಮರುಮಾತನಾಡದೆ ಸಂಜೆ ಗುಡಿಯ ಮುಂದೆ ಜನರನ್ನು ಸೇರಿಸಿ, ಒಬ್ಬ ವಿದ್ಯಾರ್ಥಿನಿಯಿಂದ ಆ ಅಂಕೆಯನ್ನು ಓದಿಸಿ ಅರ್ಥ ಹೇಳಿಸಿದರು. ಮುದುಕಿಯು ಎಲ್ಲವನ್ನೂ ಕೇಳಿ, "ಹಂಗಾದ್ರೆ ಯಾವ ನೀರು ಕುಡಿಯಾಣ, ತಾಯಿ?" ಎಂದಳು. ಆ ಹುಡುಗಿಗೆ ಉತ್ತರ ತಿಳಿದಿರಲಿಲ್ಲ. ರಾತ್ರಿ ಲಾಟೀನಿನ ಸುತ್ತ ಕುಳಿತು ಅವರೆಲ್ಲರೂ ಮಳೆನೀರಿನ ತೊಟ್ಟಿಯ ಲೆಕ್ಕವನ್ನು ಹಾಕತೊಡಗಿದರು.