ರಿವಾಲ್ವರಿನ ಹಿಡಿಯೂ ಶ್ರಾವಕನ ವ್ರತವೂ

ಶ್ರಾವಕನ ಮನೆಯಲ್ಲಿ ಆಯುಧವಿರಬಹುದೇ ಎಂಬ ಪ್ರಶ್ನೆ ಜೈನ ಸಮಾಜಕ್ಕೆ ಹೊಸದಲ್ಲ. ಅದಕ್ಕೆ ಪರಂಪರೆ ಕೊಟ್ಟ ಉತ್ತರವೂ ನಿರ್ದಯವಾದುದಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಲಾಗಿದೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಉಳಿದ ಮೂರರಲ್ಲಿ ಶಕ್ತ್ಯನುಸಾರ ಸಂಯಮ ಸಾಧಿಸಬೇಕು. ಪ್ರಾಣರಕ್ಷಣೆಗಾಗಿ, ಧರ್ಮಾಯತನಗಳ ರಕ್ಷಣೆಗಾಗಿ ಅನಿವಾರ್ಯವಾಗಿ ಒದಗುವುದು ವಿರೋಧೀ ಹಿಂಸೆ. ಗಂಗರ ಸೇನಾನಿಯಾಗಿದ್ದ ಚಾವುಂಡರಾಯನು ಶ್ರಾವಕನಾಗಿಯೇ ಉಳಿದನು. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಬೆಳೆದ ಗಂಗಾವತಿಯ ಅಕ್ಕಿ ಗಿರಣಿಗಳ ವ್ಯವಹಾರದಲ್ಲಿಯೂ, ಕುಷ್ಟಗಿ ಯಲಬುರ್ಗಾಗಳ ಒಂಟಿ ತೋಟದ ಮನೆಗಳಲ್ಲಿಯೂ ಭಯಕ್ಕೆ ಕಾರಣವೇ ಇಲ್ಲವೆಂದು ಯಾರೂ ಹೇಳಲಾರರು. ಆದುದರಿಂದ ಪರವಾನಗಿ ಪಡೆದು ರಿವಾಲ್ವರ್ ಇಟ್ಟುಕೊಂಡ ವರ್ತಕನನ್ನು ವ್ರತಭ್ರಷ್ಟನೆಂದು ಒಮ್ಮೆಲೇ ದೂರುವುದು ಶಾಸ್ತ್ರಸಮ್ಮತವಲ್ಲ.

ಆದರೆ ಇಲ್ಲಿ ವಿಚಾರಕ್ಕೆ ಬಂದಿರುವುದು ರಿವಾಲ್ವರಲ್ಲ, ಅದರ ಹಿಡಿ.

ಆಯುಧ ಕೈಸೇರಿದ ಮೇಲೆ ಅದಕ್ಕೆ ತನ್ನ ಅಂಗೈಯ ಅಳತೆಗೆ, ತನ್ನ ಅಭಿರುಚಿಗೆ ಒಪ್ಪುವ ಹಿಡಿಯನ್ನು ಹುಡುಕುವ ಹವ್ಯಾಸವೊಂದುಂಟು. ಅದರಲ್ಲಿಯೂ ಹಳೆಯ ಸಿಂಗಲ್ ಆಕ್ಷನ್ ರಿವಾಲ್ವರುಗಳ ಮೇಲೆ ಹವ್ಯಾಸಿಗಳಿಗೆ ಮೋಹ ಹೆಚ್ಚು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆಳೆದು ನಿಲ್ಲಿಸಿ, ಆಮೇಲೆ ಕುದುರೆಯನ್ನು ಒತ್ತಬೇಕಾದ ಯಂತ್ರವದು. 1873ರಲ್ಲಿ ಅಮೆರಿಕದ ಕೋಲ್ಟ್ ಕಂಪನಿ ತಂದ ಇಂಥ ರಿವಾಲ್ವರಿಗೆ 'ಪೀಸ್‌ಮೇಕರ್', ಅಂದರೆ ಶಾಂತಿಕಾರಕ, ಎಂದು ಹೆಸರಾಯಿತು. ಹಿಂಸೋಪಕರಣಕ್ಕೆ ಶಾಂತಿಯ ಹೆಸರಿಡುವ ಚಾತುರ್ಯ ಲೋಕಕ್ಕೆ ಹೊಸತಲ್ಲ ಬಿಡಿ. ಅದರ ಹಿಡಿಯ ಎರಡು ಪಕ್ಕಗಳಿಗೆ ಆನೆಯ ದಂತ, ಕಡವೆಯ ಕೊಂಬು, ಮುತ್ತಿನ ಚಿಪ್ಪು, ಬೀಟೆಯ ಮರ ಇವುಗಳ ಫಲಕಗಳನ್ನು ಕೂಡಿಸುತ್ತಾರೆ. ಎರಡನೆಯ ಮಹಾಯುದ್ಧದ ಸೇನಾನಿ ಪ್ಯಾಟನ್‌ನ ದಂತದ ಹಿಡಿಯ ರಿವಾಲ್ವರ್ ಅವನಷ್ಟೇ ಪ್ರಸಿದ್ಧವಾಯಿತು.

ದಂತದ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿಯೂ 1991ರಲ್ಲಿಯೂ ಆದ ತಿದ್ದುಪಡಿಗಳಿಂದ ಭಾರತದ ದಂತದ ವ್ಯಾಪಾರವೂ ಆಫ್ರಿಕದ ದಂತದ ವ್ಯಾಪಾರವೂ ನಿಂತವು. ಸರ್ಕಾರಕ್ಕಿಂತ ಎಷ್ಟೋ ಶತಮಾನ ಮೊದಲೇ ಶ್ರಾವಕಾಚಾರವು ದಂತವಾಣಿಜ್ಯವನ್ನು ಹದಿನೈದು ಕರ್ಮಾದಾನಗಳಲ್ಲಿ ಸೇರಿಸಿ ವರ್ಜ್ಯವೆಂದಿತ್ತು. ಅಜ್ಜನ ಕಾಲದ ದಂತವೆಂಬ ಸಮಾಧಾನದಿಂದ ಆನೆಯ ಮರಣ ಸುಳ್ಳಾಗುವುದಿಲ್ಲ. ಕಡವೆಯ ಕೊಂಬು ತಾನಾಗಿಯೇ ಉದುರುತ್ತದೆಂಬುದು ನಿಜ. ಆದರೆ ಉದುರಿದ ಕೊಂಬಿಗೂ ಕೊಂದು ತಂದ ಕೊಂಬಿಗೂ ಅಂಗಡಿಯಲ್ಲಿ ಭೇದ ಕಾಣುವ ಬಗೆಯೇನು?

ಹಾಗಾದರೆ ಮರದ ಹಿಡಿಗೆ ದೋಷವಿಲ್ಲವಲ್ಲ ಎಂದು ಕೇಳಬಹುದು. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಮರದಲ್ಲಿ ಗರುಡನನ್ನೂ ತೊಟ್ಟಿಲನ್ನೂ ಗೊಂಬೆಗಳನ್ನೂ ಕಡೆದು ಬಣ್ಣವಿಡುವ ಚಿತ್ರಗಾರರಿದ್ದಾರೆ. ಅಂಥ ಕೈಗೆ ಅಂಗೈ ಅಳತೆಯ ಒಂದು ಹಿಡಿ ಕಷ್ಟದ ಕೆಲಸವೇನಲ್ಲ. ಇಲ್ಲಿಯೇ ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ನೆನೆಯಬೇಕು. ಆಸ್ರವಕ್ಕೆ ಆಧಾರವಾದ ಜೀವಾಧಿಕರಣವನ್ನು ಆಚಾರ್ಯರು ಸಂರಂಭ, ಸಮಾರಂಭ, ಆರಂಭ ಎಂದು ಮೂರಾಗಿ ಎಣಿಸಿದರು. ಮಾಡಬೇಕೆಂಬ ಉದ್ಯುಕ್ತತೆ ಸಂರಂಭ. ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಸಮಾರಂಭ. ಕಾರ್ಯಕ್ಕೆ ತೊಡಗುವುದು ಆರಂಭ. ಈ ಮೂರನ್ನು ಮನ, ವಚನ, ಕಾಯಗಳಿಂದಲೂ, ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರರಿಂದಲೂ, ಕ್ರೋಧ ಮಾನ ಮಾಯಾ ಲೋಭಗಳೆಂಬ ನಾಲ್ಕರಿಂದಲೂ ಗುಣಿಸಿದರೆ 108. ಜಪಮಾಲೆಯ ಮಣಿಗಳನ್ನು ಎಣಿಸುವಾಗ ಈ ಲೆಕ್ಕ ಎಷ್ಟು ಮಂದಿಗೆ ನೆನಪಾಗುತ್ತದೆ?

ಹಿಡಿಯನ್ನು ಹುಡುಕುವುದು ಅಕ್ಷರಶಃ ಸಮಾರಂಭ. ಮರವನ್ನು ಆರಿಸಿದ್ದು ಕೃತ, ಶಿಲ್ಪಿಯಿಂದ ಕಡೆಸಿದ್ದು ಕಾರಿತ, 'ಬಲು ಅಂದವಾಗಿದೆ' ಎಂದು ಮೆಚ್ಚಿದ ನೆಂಟರದು ಅನುಮತ. ಒಂದು ಗುಂಡೂ ಹಾರಲಿಲ್ಲ. ಕರ್ಮಾಸ್ರವಕ್ಕೆ ಮಾತ್ರ ಬಾಗಿಲು ತೆರೆದಾಯಿತು. ವಿರೋಧೀ ಹಿಂಸೆಯ ರಿಯಾಯಿತಿ ಇಲ್ಲಿಗೆ ಸಲ್ಲದು, ಏಕೆಂದರೆ ಆ ರಿಯಾಯಿತಿ ಭಯಕ್ಕೆ ಕೊಟ್ಟದ್ದು, ಮೋಹಕ್ಕೆ ಕೊಟ್ಟದ್ದಲ್ಲ. ಮಳೆಗೆಂದು ಕೊಡೆ ಹಿಡಿದವನು ಬಿಸಿಲು ಬಂದೊಡನೆ ಅದನ್ನು ಮಡಿಸುತ್ತಾನೆ. ಆಯುಧವನ್ನು ಅನಿವಾರ್ಯ ಹೊರೆಯೆಂದು ಇಟ್ಟುಕೊಂಡವನು ಅದರ ಸೌಂದರ್ಯವನ್ನು ಹೆಚ್ಚಿಸಲು ಊರೂರು ಅಲೆಯುವನೇ?

ಹಿಡಿ ಅಂಗೈಗೆ ಹೊಂದದಿದ್ದರೆ ಗುರಿ ತಪ್ಪಿ ನಿರಪರಾಧಿಗೆ ಪೆಟ್ಟಾದೀತು, ಆದ್ದರಿಂದ ಇದು ಅಹಿಂಸೆಯ ಪರವಾದ ಎಚ್ಚರವೇ ಸರಿ ಎಂಬುದು ಪ್ರತಿವಾದಿಗಳ ಬಲವಾದ ಮಾತು. ಇದನ್ನು ತಳ್ಳಿಹಾಕುವಂತಿಲ್ಲ. ಜಾರುವ ಹಿಡಿ ಅಪಾಯಕರವೇ. ಆದರೆ ಆ ಅಪಾಯಕ್ಕೆ ಸಾದಾ ರಬ್ಬರಿನ ಹಿಡಿ ಸಾಕು. ಪರವಾನಗಿಯುಳ್ಳ ಆಯುಧದಂಗಡಿಯವನು ಅದನ್ನು ಕೂಡಿಸಿಕೊಡುತ್ತಾನೆ. ಆತ್ಮರಕ್ಷಣೆಯೇ ಗುರಿಯಾದವನು, ಪ್ರತಿ ಸಲವೂ ಹ್ಯಾಮರನ್ನು ಎಳೆಯಬೇಕಾದ ಹಳೆಯ ಯಂತ್ರಕ್ಕೆ ಮನಸೋಲುವುದೂ ಇಲ್ಲ. ಅಲಂಕಾರದ ಹಿಡಿಗಾಗಿ ಎಚ್ಚರದ ಮಾತನ್ನಾಡುವುದು ಮಾಯಾಕಷಾಯವೆನಿಸೀತು.

ಜನ್ನಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಕೇಳದ ಜೈನ ಮನೆ ಕರ್ನಾಟಕದಲ್ಲಿ ವಿರಳ. ಯಶೋಧರನು ಜೀವವಿದ್ದ ಕೋಳಿಯನ್ನು ಕೊಲ್ಲಲಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಅಷ್ಟಕ್ಕೇ ತಾಯಿಯೂ ಮಗನೂ ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಯಿತು. ಹಿಟ್ಟಿನ ಕೋಳಿಗೆ ಪ್ರಾಣವಿರಲಿಲ್ಲ, ಕತ್ತಿಯೆತ್ತಿದ ಕೈಗೆ ಸಂಕಲ್ಪವಿತ್ತು. ಮರದ ಹಿಡಿಗೂ ಪ್ರಾಣವಿಲ್ಲ.

ಕೊಪ್ಪಳದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಪ್ರಾಚೀನರು ಕೊಪಣವೆಂದು ಕರೆದ ಮಹಾತೀರ್ಥವಿದು. ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅದೇ ಪಾಲ್ಕಿಗುಂಡಿನ ಮೇಲೆ ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಶಾಸನ ಸಾರುತ್ತದೆ. ಚಾವಯ್ಯನೂ ಶಿಲ್ಪಿಗೆ ಹಣ ಕೊಟ್ಟು ಕಲ್ಲನ್ನು ಕಡೆಸಿದನು. ಅದೂ ಕಾರಿತವೇ, ಫಲ ಮಾತ್ರ ಬೇರೆ.

ಬಸದಿಗಳ ಟ್ರಸ್ಟುಗಳಿಗೆ ಸಂಬಂಧಿಸಿದ ಮಾತೂ ಇದೆ. ಪ್ರಾಚೀನ ಬಿಂಬಗಳ ಕಳವಿನ ಭಯದಿಂದ ಬಂದೂಕಿನ ಕಾವಲುಗಾರನನ್ನು ನೇಮಿಸುವ ಟ್ರಸ್ಟು, ಬಿಂಬಗಳ ಛಾಯಾಚಿತ್ರ ತೆಗೆಸಿ 1972ರ ಪುರಾವಸ್ತು ಕಾಯಿದೆಯಂತೆ ನೋಂದಾಯಿಸಬೇಕಾದವುಗಳನ್ನು ನೋಂದಾಯಿಸಿದೆಯೇ, ಗರ್ಭಗೃಹಕ್ಕೆ ಗಟ್ಟಿಯಾದ ಬೀಗ ಹಾಕಿಸಿದೆಯೇ ಎಂದು ಮೊದಲು ಕೇಳಿಕೊಳ್ಳಲಿ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರ ಆಚಾರ್ಯರು ಕೊಡಲಿ, ಖಡ್ಗ, ಆಯುಧಾದಿಗಳನ್ನು ಕೊಡುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಸನ್ಮಾನದ ಹೆಸರಿನಲ್ಲಿ ಗಣ್ಯರಿಗೆ ಖಡ್ಗವನ್ನು ಕಾಣಿಕೆಯಾಗಿ ನೀಡುವ ಸಭೆಗಳನ್ನು ಬಸದಿಯ ಆವರಣದಲ್ಲಿ ಏರ್ಪಡಿಸುವಾಗ ಟ್ರಸ್ಟಿಗಳು ಆ ಪುಟವನ್ನು ತೆರೆದು ನೋಡಬೇಕು. ಆಶ್ವಯುಜದಲ್ಲಿ ಜೀವದಯಾಷ್ಟಮಿಯಂದು ಯಶೋಧರನ ಕಥೆಯನ್ನು ಓದಿಸುವ ಮನೆಗಳಲ್ಲಿಯೇ, ಮರುದಿನ ನವಮಿಯಂದು, ಹೊಸ ಹಿಡಿಯ ರಿವಾಲ್ವರಿಗೆ ಗಂಧ ಹಚ್ಚಿ ಹೂವಿಡುವುದಾದರೆ, ಹಿಂದಿನ ದಿನ ಓದಿಸಿದ್ದು ಯಾರಿಗಾಗಿ ಎಂದು ಮಕ್ಕಳು ಕೇಳದಿರುವರೇ?