ಕಪ್ಪು ಎರಡರಲ್ಲಿ ಹಾಡುವವರಿಗೆ ಕೀಬೋರ್ಡು ಯಾಕೆ ಮೈಲಿಗೆ?

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಪೋಸ್ಟು. ಬೆಳಗಿನ ಚಾ ಜೊತೆ ಸಮಾಧಾನವಾಗಿ ಏನಾದರೂ ಓದೋಣ ಅಂತ ಬಂದವರು ಮುಂದಿನ ಬ್ಲಾಗಿಗೆ ಹೋಗಬಹುದು :-)

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಆಟಕ್ಕೂ ತಾಳಮದ್ದಲೆಗೂ ಹಿಂದೂಸ್ತಾನಿ ಕಛೇರಿಗೂ ಹೋಗುವವರು ಹೆಚ್ಚುಕಡಿಮೆ ಅದೇ ಜನ. ಮುಗಿದ ಮೇಲೆ ಕವಳ ಹಾಕಿಕೊಂಡು ನಿಂತಾಗ ಬರುವ ಮಾತೂ ಅದೇ. "ಎಲ್ಲಾ ಹಾಳಾಗೋತು ತಮಾ. ಈಗ ಕೀಬೋರ್ಡು, ನಾಳೆ ಗಿಟಾರು. ಶುದ್ಧವಾದ್ದು ಯಾವುದೂ ಉಳೀಲಿಲ್ಲೆ." ಎಲ್ಲೋ ಒಂದು ಕಡೆ ಭಾಗವತರ ಪದ್ಯಕ್ಕೆ ಕೀಬೋರ್ಡು ಸೇರಿಸಿದ್ದರಂತೆ, ಅದರ ವೀಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಹಿರಿಯರನ್ನೆಲ್ಲ ಕೆಣಕಿದೆ. ವೀಡಿಯೋ ನಾನೂ ನೋಡಿದೆ. ಚೆನ್ನಾಗಿರಲಿಲ್ಲ. ಆದರೆ ಚೆನ್ನಾಗಿರಲಿಲ್ಲ ಅನ್ನೋದು ಬೇರೆ, ಅಶುದ್ಧ ಅನ್ನೋದು ಬೇರೆ. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುವವರ ಮೇಲೆ ನನಗೆ ಸಿಟ್ಟು.

ಒಂದು ಕೆಲಸ ಮಾಡಿ. ನಿಮಗೆ ಪರಿಚಯದ ಭಾಗವತರನ್ನೋ ಗಾಯಕರನ್ನೋ "ನಿಮ್ಮ ಶ್ರುತಿ ಯಾವುದು?" ಅಂತ ಕೇಳಿ. "ಕಪ್ಪು ಎರಡು" ಅಂತಾರೆ, ಇಲ್ಲವಾದರೆ "ಬಿಳಿ ನಾಲ್ಕು" ಅಂತಾರೆ. ಏನು ಸ್ವಾಮಿ ಈ ಕಪ್ಪು, ಬಿಳಿ? ಹಾರ್ಮೋನಿಯಂ ಮನೆಗಳ ಬಣ್ಣ. ಅಂದರೆ ಪಿಯಾನೋದ ಮನೆಗಳ ಬಣ್ಣ. ತಮ್ಮ ಗಂಟಲಿನ ಎತ್ತರವನ್ನೇ ಪಿಯಾನೋ ಮನೆಯ ಹೆಸರು ಹಿಡಿದು ಹೇಳುವ ಪರಂಪರೆಯೊಳಗೆ ಕೂತು, ಕೀಬೋರ್ಡು ಪರಕೀಯ ಅಂತ ಕೂಗುವುದಕ್ಕೆ ಧೈರ್ಯ ಬೇಕು!

ಈ ಪೆಟ್ಟಿಗೆಯ ಕಥೆ ಸ್ವಲ್ಪ ಹೇಳಲೇಬೇಕು. ಅಲೆಕ್ಸಾಂದ್ರ್ ದೆಬೈನ್ ಎಂಬಾತ ಹಾರ್ಮೋನಿಯಂಗೆ ಪೇಟೆಂಟ್ ತೆಗೆದುಕೊಂಡದ್ದು 1842ರಲ್ಲಿ, ಪ್ಯಾರಿಸ್ಸಿನಲ್ಲಿ. ಅದನ್ನು ನೆಲದ ಮೇಲೆ ಕೂತು, ಒಂದು ಕೈಲಿ ಗಾಳಿ ಹಾಕಿ ಇನ್ನೊಂದು ಕೈಲಿ ನುಡಿಸುವ ಹಾಗೆ ಮಾಡಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್, ಆ ಶತಮಾನದ ಕೊನೆಯ ದಶಕಗಳಲ್ಲಿ. ಈಗ ನಮ್ಮ ಜಿಲ್ಲೆಗೆ ಬನ್ನಿ. ಅದೇ 1842ರ ಸುಮಾರಿಗೆ ನಮ್ಮ ಕಡೆಯ ಭಾಗವತರ ಮೇಳವೊಂದು ಸಾಂಗ್ಲಿಗೆ ಹೋಗಿ ರಾಜರ ಎದುರು ಆಟ ಆಡಿತ್ತು. ಅದು ಹೊನ್ನಾವರದ ಕರ್ಕಿ ಮೇಳ ಅನ್ನುತ್ತಾರೆ ನಮ್ಮ ವಿದ್ವಾಂಸರು. ಅದನ್ನು ಕಂಡ ರಾಜರು ಮರಾಠಿಯಲ್ಲೂ ಇಂಥದ್ದು ಬೇಕು ಅಂದರು. 1843ರಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿಯ ಹುಟ್ಟು ಅಂತ ಅವರು ಹೇಳಿಕೊಳ್ಳುವುದು ಅದನ್ನೇ. ಮುಂದೆ 1880ರಲ್ಲಿ ಕಿರ್ಲೋಸ್ಕರರ ಸಂಗೀತ ನಾಟಕ ಬಂತು, ಅದರ ಹಿಂದೆ ಆರ್ಗನ್ನು, ಕಾಲಲ್ಲಿ ಗಾಳಿ ಒತ್ತುವ ಹಾರ್ಮೋನಿಯಂ ಬಂದವು. ಆ ನಾಟ್ಯಗೀತೆಗಳ ಧಾಟಿ ಕನ್ನಡದ ಕಂಪನಿ ನಾಟಕಗಳ ಬೆನ್ನೇರಿ ವಾಪಸ್ ಇಲ್ಲಿಗೇ ಬಂತು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ಟೆಂಟು ಹೊಡೆಯುವ ಕಂಪನಿಗಳ ಹಾಡು ಕೇಳಿ ಬೆಳೆದ ಕಿವಿಗಳೇ ಮಾರನೇ ವಾರ ಆಟಕ್ಕೆ ಹೋಗಿ ಭಾಗವತರ ಪದ್ಯ ಕೇಳುತ್ತಿದ್ದದ್ದು. ಹೋಗಿದ್ದು ನಮ್ಮದು, ಬಂದದ್ದೂ ನಮ್ಮದು, ನಡುವೆ ಪ್ಯಾರಿಸ್ಸಿನ ಪೆಟ್ಟಿಗೆಯೊಂದು ಸೇರಿಕೊಂಡಿತು. ಇದರಲ್ಲಿ ಶುದ್ಧ ಎಷ್ಟು, ಮಿಶ್ರ ಎಷ್ಟು ಅಂತ ಸೋಸಿ ಕೊಡುವವರಿದ್ದರೆ ದಯವಿಟ್ಟು ಬನ್ನಿ.

ಕಛೇರಿಯ ಕಡೆಯದ್ದೂ ಇದೇ ಕಥೆ. ಹಾಸಣಗಿ ಗಣಪತಿ ಭಟ್ಟರು ನಮ್ಮ ಯಲ್ಲಾಪುರ ತಾಲೂಕಿನವರು ಅಂತ ನಾವೆಲ್ಲ ಎದೆಯುಬ್ಬಿಸುತ್ತೇವೆ. ಅವರ ಗುರು ಬಸವರಾಜ ರಾಜಗುರು ನಾಟಕ ಕಂಪನಿಯಲ್ಲಿ ಹಾಡಿ ಬಂದವರು. ಮಲ್ಲಿಕಾರ್ಜುನ ಮನ್ಸೂರರೂ ಬಾಲಕರಾಗಿ ಕಂಪನಿ ಸೇರಿದವರೇ. ಇನ್ನು ಹಾರ್ಮೋನಿಯಂ ವಿಷಯಕ್ಕೆ ಬಂದರೆ, ಆಕಾಶವಾಣಿ ಅದನ್ನು 1940ರಲ್ಲಿ ನಿಷೇಧಿಸಿ 1971ರವರೆಗೆ ಹೊರಗಿಟ್ಟಿತ್ತು. ಕಾರಣ ಸುಳ್ಳಲ್ಲ. ಹನ್ನೆರಡು ಸ್ವರ ಗಟ್ಟಿಯಾಗಿ ಕೂತ ಪೆಟ್ಟಿಗೆಯಲ್ಲಿ ಮೀಂಡ್ ಎಳೆಯಲಾಗದು. ದರ್ಬಾರಿಯ ತೂಗುವ ಗಾಂಧಾರ ಅದರೊಳಗೆ ಎಲ್ಲಿದೆ? ಎರಡು ಮನೆಗಳ ನಡುವಿನ ಸಂದಿಯಲ್ಲಿದೆ, ಬೆರಳಿಗೆ ಸಿಗುವುದಿಲ್ಲ. ಆದರೂ ಬೆಳಗಾವಿಯ ರಾಮಭಾವು ಬಿಜಾಪುರೆಯಂಥವರು (2010ರಲ್ಲಿ ತೀರಿಕೊಂಡರು, ತೊಂಬತ್ತು ದಾಟಿತ್ತು) ಅದೇ ಪೆಟ್ಟಿಗೆಯಲ್ಲಿ ಖಯಾಲಿಗೆ ಸಾಥ್ ಕೊಟ್ಟರು. ಹೇಗೆ? ಎಲ್ಲಿ ನುಡಿಸಬಾರದು ಅನ್ನೋದು ಅವರಿಗೆ ಗೊತ್ತಿತ್ತು. ಗಾಯಕ ಆ ಗಾಂಧಾರದ ಮೇಲೆ ತೂಗುವಾಗ ಪೆಟ್ಟಿಗೆ ಹಿಂದೆ ಸರಿದು ಷಡ್ಜದಲ್ಲಿ ನಿಲ್ಲಬೇಕು. ಆ ಸರಿಯುವುದನ್ನು ಕಲಿಯೋಕೆ ಹತ್ತಾರು ವರ್ಷ ಬೇಕು ಮಾರಾಯ್ರೆ.

ಇಲ್ಲಿಗೆ ಶುದ್ಧವಾದಿಗಳ ಪಾಲು ಮುಗೀತು ಅಂತಿಲ್ಲ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಿಗೆ ಪಿಟೀಲು, ಸ್ಯಾಕ್ಸೋಫೋನ್ ತಂದರು. ಬೈಸಿಕೊಂಡರು, ಹೊಗಳಿಸಿಕೊಂಡರು. ನನಗೆ ಅದರಲ್ಲಿ ಎಲ್ಲವೂ ಹಿಡಿಸುತ್ತದೆ ಅಂತಲ್ಲ. ಆದರೆ ಕಾರಂತರು ಹಳೇ ಭಾಗವತರನ್ನು ಹುಡುಕಿಕೊಂಡು ಹೋಗಿ, ಯಾವ ರಾಗ ಹೇಗೆ ಹಾಡುತ್ತಿದ್ದರು ಅಂತ ವರ್ಷಗಟ್ಟಲೆ ಕೇಳಿ, ಬರೆದು, ಆಮೇಲೆ ಕೈ ಹಾಕಿದವರು. ಕಾಳಿಂಗ ನಾವಡರು ಹೊಸ ರಾಗ ತಂದಾಗಲೂ ಬೈದವರಿದ್ದರು. 1990ರಲ್ಲಿ ಅವರು ಅಪಘಾತದಲ್ಲಿ ಹೋದ ಮೇಲೆ ಅದೇ ಶೈಲಿಯೇ 'ಪರಂಪರೆ' ಆಯಿತು! 2024ರಲ್ಲಿ ನಮ್ಮನ್ನಗಲಿದ ಸುಬ್ರಹ್ಮಣ್ಯ ಧಾರೇಶ್ವರರ ಮಾಧುರ್ಯಕ್ಕೂ ಹಾಗೇ ಆಗುತ್ತಿದೆ, ನೋಡ್ತಾ ಇರಿ.

ಸರಿ, ಈಗ ಆ ಕಡೆಯವರಿಗೆ. ಫ್ಯೂಷನ್ ಫ್ಯೂಷನ್ ಅಂತ ಬ್ಯಾನರು ಕಟ್ಟುವವರೇ, ನಿಮ್ಮನ್ನು ಬಿಟ್ಟೆ ಅಂದುಕೊಂಡಿರಾ?

ಅಮೆರಿಕದ ಬ್ಲೂಗ್ರಾಸ್ ಸಂಗೀತ ಗೊತ್ತಲ್ಲ, ಬ್ಯಾಂಜೋ, ಮ್ಯಾಂಡೋಲಿನ್, ಪಿಟೀಲು ಇಟ್ಟುಕೊಂಡು ಸರಸರ ಓಡುವ ಹಳ್ಳಿ ಕಡೆಯ ಶೈಲಿ. ಅದರಲ್ಲಿ ಪಿಯಾನೋಗೆ ಸಾಮಾನ್ಯವಾಗಿ ಜಾಗವೇ ಇಲ್ಲ. ಜಾಝ್ ಪಿಯಾನೋದ ದೊಡ್ಡ ಹೆಸರು ಚಿಕ್ ಕೋರಿಯಾ (2021ರಲ್ಲಿ ತೀರಿಕೊಂಡರು) ಬ್ಯಾಂಜೋದ ಬೇಲಾ ಫ್ಲೆಕ್ ಜೊತೆ 2007ರಲ್ಲಿ 'ದಿ ಎನ್‌ಚಾಂಟ್‌ಮೆಂಟ್' ಎಂಬ ಆಲ್ಬಂ ಮಾಡಿದರು. ಕೇಳಿ ನೋಡಿ. ಎರಡೂ ವಾದ್ಯ ಚಿಟಿಕೆ ಹೊಡೆದ ಹಾಗೆ ಹುಟ್ಟಿ ಬೇಗ ಆರುವ ನಾದದವು, ಸ್ವಲ್ಪ ಎಚ್ಚರ ತಪ್ಪಿದರೆ ಒಂದರ ಮೇಲೊಂದು ಬಿದ್ದು ಗಲಾಟೆ. ಇಬ್ಬರೂ ಒಬ್ಬರಿಗೊಬ್ಬರು ಜಾಗ ಬಿಡುವುದೇ ಅಲ್ಲಿಯ ಸೊಗಸು. ಅದೇ ಫ್ಲೆಕ್ 1996ರಲ್ಲಿ ನಮ್ಮ ವಿಶ್ವಮೋಹನ ಭಟ್ಟರ ಜೊತೆ, ಆಮೇಲೆ ಝಾಕಿರ್ ಹುಸೇನರ ಜೊತೆ ವರ್ಷಗಟ್ಟಲೆ ನುಡಿಸಿದರು. ನಮ್ಮ ಬೆಂಗಳೂರಲ್ಲೇ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸ್ಯಾಕ್ಸೋಫೋನಿನ ಚಾರ್ಲಿ ಮಾರಿಯಾನೋ 1983ರಲ್ಲಿ 'ಜ್ಯೋತಿ' ತಂದರು. ರಮಾಮಣಿಯವರ ಜೊತೆ 'ಸಂಗಮ್' ತಂಡದಲ್ಲಿ ಪಿಯಾನೋ ನುಡಿಸಿದವರು ಲೂಯಿಸ್ ಬ್ಯಾಂಕ್ಸ್. ಇವರೆಲ್ಲ ಎದುರಿನವರ ತಾಳ ತಮ್ಮ ಕೈಗೆ ಹತ್ತುವವರೆಗೆ ಕೂತವರು.

ನಮ್ಮಲ್ಲಿ ಏನಾಗುತ್ತೆ? ಸಂಜೆ ಆರಕ್ಕೆ ಕಾರ್ಯಕ್ರಮ, ನಾಲ್ಕೂವರೆಗೆ ಭಾಗವತರಿಗೆ ಫೋನು. "ಎಂತ ಇಲ್ಲ, ಒಂದು ಹತ್ತು ನಿಮಿಷ ಏರುಪದ ಒಂದು ಹಾಡಿಬಿಡಿ ಭಾಗವತರೇ." ಕೀಬೋರ್ಡಿನವ ಊರಿಂದೂರಿಗೆ ಅದೇ ಮೂರು ಕಾರ್ಡ್ ಒತ್ತಿಕೊಂಡಿರುತ್ತಾನೆ. ಝಂಪೆಯೋ ಅಷ್ಟವೋ ಅವನಿಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲು ಯಾರೂ ಬಿಟ್ಟಿಲ್ಲ. ಡ್ರಮ್ಮು ನಾಲ್ಕರಲ್ಲಿ ಹೊಡೀತಾ ಇರುತ್ತೆ, ಪದ್ಯ ಐದರಲ್ಲಿ ಹೋಗ್ತಾ ಇರುತ್ತೆ, ಚಂಡೆಯವ ಇಬ್ಬರ ಮುಖ ನೋಡ್ತಾ ಇರುತ್ತಾನೆ. ಕೊನೆಗೆ ಭಾಗವತರೇ ತಮ್ಮ ತಾಳ ಬಿಟ್ಟು ಡ್ರಮ್ಮಿಗೆ ಬಗ್ಗುತ್ತಾರೆ. ಜಾಸ್ತಿ ಗೊತ್ತಿದ್ದವರೇ ಬಗ್ಗಬೇಕಾಗಿ ಬರುವುದು ಯಾವ ಸೀಮೆಯ ಸಂಗಮ? ಆ ವೀಡಿಯೋದಲ್ಲಿ ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ಯಲ್ಲಾಪುರದ ಸಿದ್ದಿಗಳ ವಿಷಯದಲ್ಲಂತೂ ಇದು ಇನ್ನೂ ಕೆಟ್ಟದಾಗಿ ನಡೆಯುತ್ತದೆ. ಪೂರ್ವಜರು ಆಫ್ರಿಕಾದವರು, ಹಲವರು ಗೋವೆಯ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರು. ಬ್ಯಾಂಜೋ ಕೂಡ ಆಫ್ರಿಕಾದ ಗುಲಾಮರ ಜೊತೆ ಅಮೆರಿಕಕ್ಕೆ ಹೋದ ವಾದ್ಯದ ಸಂತಾನವೇ, ಬೇರೆ ಕಡಲು ಅಷ್ಟೇ. ಆ ಫ್ಲೆಕ್ ತನ್ನ ವಾದ್ಯದ ಬೇರು ಹುಡುಕಿಕೊಂಡು 2005ರಲ್ಲಿ ಉಗಾಂಡ, ತಾಂಜಾನಿಯ, ಗ್ಯಾಂಬಿಯಾ, ಮಾಲಿ ತಿರುಗಿ ಅಲ್ಲಿನವರ ಅಂಗಳದಲ್ಲಿ ಕೂತು ನುಡಿಸಿದ. ನಮಗೆ ಆಫ್ರಿಕಾ ತನಕ ಹೋಗುವ ಖರ್ಚೇ ಇಲ್ಲ, ಬಸ್ಸು ಹತ್ತಿದರೆ ಸಾಕು. ಆದರೆ ನಾವು ಸಿದ್ದಿಗಳ ಡಮಾಮಿಯನ್ನು ಕರೆಯುವುದು ಮೆರವಣಿಗೆಗೆ, ಸೊಪ್ಪು ಕಟ್ಟಿಸಿ, ಮಂತ್ರಿಗಳ ಕಾರಿನ ಮುಂದೆ. ಅವರ ಹಾಡಿನ ಲಯ ಏನು, ಕೊಂಕಣಿ ಎಷ್ಟು, ಮರಾಠಿ ಎಷ್ಟು ಅಂತ ಕೂತು ಕೇಳಿದ ಫ್ಯೂಷನ್ ವೀರರನ್ನು ನಾನಂತೂ ಕಂಡಿಲ್ಲ. ಶುದ್ಧವಾದಿಗಳೂ ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲ, ಅದು ಅವರ ಶುದ್ಧದ ಪಟ್ಟಿಯಲ್ಲೇ ಇಲ್ಲ.

ಹಾಗಾಗಿ ಇನ್ನು ಮೇಲೆ ಯಾರಾದರೂ "ಜುಗಲ್‌ಬಂದಿ", "ಸಂಗಮ" ಅಂತ ಆಮಂತ್ರಣ ಪತ್ರಿಕೆ ಕೊಟ್ಟರೆ ನಾನು ಮೂರು ಪ್ರಶ್ನೆ ಕೇಳುವವನಿದ್ದೇನೆ. ಎಷ್ಟು ದಿನ ಒಟ್ಟಿಗೆ ಕೂತು ಅಭ್ಯಾಸ ಮಾಡಿದ್ದೀರಿ? ತಾಳ ಯಾರದ್ದು? ಸಂಭಾವನೆ ಇಬ್ಬರಿಗೂ ಸಮವೋ? ಉತ್ತರ ಸರಿಯಿದ್ದರೆ ಪಿಯಾನೋ ಹೊತ್ತುಕೊಂಡು ಬನ್ನಿ, ಹೊರುವುದಕ್ಕೆ ನಾನೂ ಒಂದು ಕೈ ಕೊಡ್ತೇನೆ. ಹಾಗೇ, ಹಾರ್ಮೋನಿಯಂನವರ ಹೆಸರನ್ನು ಪತ್ರಿಕೆಯ ತಳದಲ್ಲಿ, ಮೈಕಿನವರ ಪಕ್ಕ, ಕಣ್ಣಿಗೆ ಕಾಣದ ಅಕ್ಷರದಲ್ಲಿ ಹಾಕುವುದನ್ನು ಬಿಡಿ.

ಬೈಯುವುದಿದ್ದರೆ ಕೆಳಗೆ ಜಾಗ ಇದೆ. ಅನಾಮಧೇಯರಾಗಿ ಬೈದರೂ ಅಡ್ಡಿಯಿಲ್ಲ, ನಿಮ್ಮ ಶ್ರುತಿ ಮಾತ್ರ ಬರೆಯಿರಿ. ಕಪ್ಪೋ, ಬಿಳಿಯೋ?